ಕಿಟ್ಟದ ಗುಂಡಿಯಲ್ಲಿ ಇಬ್ಬರಿಗೊಂದೇ ಗುರುತು

ಕಿಟ್ಟದ ರಾಶಿಯ ಮೇಲೆ ಬಟ್ಟೆಯ ಚೂರು ಕಟ್ಟಿದ ಕಲ್ಲೊಂದನ್ನು ಇಟ್ಟರೆ ಆ ರಾಶಿ ಇಟ್ಟವಳದು. ಮರುದಿನ ಸಂಜೆಯವರೆಗೆ ಇನ್ನೊಬ್ಬಳು ಅದನ್ನು ಮುಟ್ಟುವಂತಿಲ್ಲ. ಜ್ವರ ಬಂದು ಯಾರಾದರೂ ಮಲಗಿದರೆ ಇನ್ನೊಂದು ದಿನ ಬಿಟ್ಟುಕೊಡುತ್ತಿದ್ದೆವು. ಕೊಪ್ಪಳದ ಹೊರಗೆ, ಬಳಸದೆ ಬಿಟ್ಟ ಕಲ್ಲು ಕ್ವಾರಿಯ ಗುಂಡಿಯಲ್ಲಿ ನಾವು ಹನ್ನೊಂದು ಮಂದಿ ಹೆಂಗಸರು ಈ ಒಂದು ಮಾತಿನ ಮೇಲೆ ವರ್ಷಗಟ್ಟಲೆ ದುಡಿದೆವು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ.

ಕುಲುಮೆಯಲ್ಲಿ ಕಬ್ಬಿಣ ಕರಗಿಸಿದಾಗ ಮೇಲೆ ತೇಲಿ ಬರುವ ಕಸವೇ ಕಿಟ್ಟ. ಕಾರ್ಖಾನೆಗೆ ಅದು ಬೇಡ. ಟಿಪ್ಪರಿನಲ್ಲಿ ತಂದು ಗುಂಡಿಗೆ ಸುರಿದು ಹೋಗುತ್ತಾರೆ. ಅದರ ಹೊಟ್ಟೆಯೊಳಗೆ ಕಡಲೆಕಾಳಿನಷ್ಟರಿಂದ ತೆಂಗಿನಕಾಯಿಯಷ್ಟು ದೊಡ್ಡ ಕಬ್ಬಿಣದ ಚೂರುಗಳು ಸಿಕ್ಕಿಕೊಂಡಿರುತ್ತವೆ. ನಮಗೆ ಬೇಕಾದದ್ದು ಅವು. ಸುರಿದ ದಿನ ಅದನ್ನು ಮುಟ್ಟಲಾಗದು. ಮೇಲೆ ಕಪ್ಪಾಗಿ, ಸಾಧುವಾಗಿ ಕಾಣುತ್ತದೆ, ಒಳಗೆ ಕೆಂಡ. ಹೊಸಬಳೊಬ್ಬಳು ಅವಸರಕ್ಕೆ ಬಿದ್ದು ಒಂದು ಕೊಡ ನೀರು ಸುರಿದಳು. ಸಿಡಿದ ಚೂರು ತಾಗಿ ಮೊಣಕೈ ಸುಟ್ಟುಕೊಂಡು ತಿಂಗಳು ಮನೆಯಲ್ಲಿ ಕೂತಳು. ಹಾಗಾಗಿ ಒಂದು ರಾತ್ರಿ ಅದರಷ್ಟಕ್ಕೆ ಆರಲು ಬಿಡಬೇಕು. ರಾತ್ರಿಯಿಡೀ ಕಾವಲು ಕೂರುವವರು ಯಾರು? ಅದಕ್ಕೇ ಬಟ್ಟೆಯ ಗುರುತು.

ಮರುದಿನ ಒಡೆಯುವ ಕೆಲಸ. ಸಣ್ಣ ಹೆಂಟೆಗಳನ್ನು ಒಬ್ಬಳೇ ಕುಟ್ಟಬಹುದು. ದೊಡ್ಡದಕ್ಕೆ ಇಬ್ಬರು ಬೇಕು: ಒಬ್ಬಳು ಬಿರುಕಿನ ಬಾಯಿಗೆ ಉಳಿ ಹಿಡಿದು ಕೂರಬೇಕು, ಇನ್ನೊಬ್ಬಳು ಐದು ಕಿಲೋ ಸುತ್ತಿಗೆ ಎತ್ತಿ ಹೊಡೆಯಬೇಕು. ಒಡೆದ ಚೂರಿಗೆ ಮ್ಯಾಗ್ನೆಟ್ ಹಿಡಿದು ನೋಡುತ್ತೇವೆ. ಹಳೆಯ ಸ್ಪೀಕರಿನಿಂದ ಬಿಚ್ಚಿದ ಮ್ಯಾಗ್ನೆಟ್ಟು, ನಡುವೆ ತೂತು, ತೂತಿಗೆ ಹಗ್ಗ. ಕಚ್ಚಿ ಹಿಡಿದರೆ ಬುಟ್ಟಿಗೆ, ಜಾರಿದರೆ ಆಚೆಗೆ. ಕೊನೆಗೆ ಉಳಿದ ಪುಡಿಯ ಮೇಲೆ ಅದೇ ಮ್ಯಾಗ್ನೆಟ್ಟಿಗೆ ಬಟ್ಟೆ ಸುತ್ತಿ ಎಳೆಯುತ್ತೇವೆ. ಕಬ್ಬಿಣದ ಪುಡಿ ಬಟ್ಟೆಗೆ ಮುಳ್ಳಿನಂತೆ ಎದ್ದು ನಿಲ್ಲುತ್ತದೆ. ಬಟ್ಟೆಯನ್ನು ಕಳಚಿದರೆ ಪುಡಿಯೆಲ್ಲ ತಾನಾಗಿ ಉದುರುತ್ತದೆ. ಬಟ್ಟೆ ಸುತ್ತದೆ ಎಳೆದವಳು ಸಂಜೆಯವರೆಗೂ ಉಗುರಲ್ಲಿ ಕೆರೆಯುತ್ತ ಕೂರಬೇಕು. ಮೊದಲ ವಾರ ನಾನು ಹಾಗೆ ಕೆರೆದವಳೇ.

ನನಗೆ ಉಳಿ ಹಿಡಿದವಳು ಅಕ್ಕ. ಒಡಹುಟ್ಟಿದವಳಲ್ಲ, ನಮ್ಮ ಓಣಿಯವಳು, ನನಗಿಂತ ಎಂಟು ವರ್ಷ ದೊಡ್ಡವಳು. ನನ್ನ ಗಂಡ ಹಮಾಲಿ ಮಾಡುವಾಗ ಲಾರಿಯಿಂದ ಬಿದ್ದು, ನಡು ನೋಯಿಸಿಕೊಂಡು ಹಾಸಿಗೆ ಹಿಡಿದ. ಆಗ ಗುಂಡಿಯ ಗೇಟಿನ ಪಟ್ಟಿಯಲ್ಲಿ ನನ್ನ ಹೆಸರು ಬರೆಸಿದವಳು ಆಕೆ. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ವಾಚ್‌ಮನ್ ಒಳಗೆ ಬಿಡುವುದಿಲ್ಲ. ಆ ಪಟ್ಟಿಯ ಏಳನೆಯ ಸಾಲಿನಿಂದ ನನ್ನ ಮನೆಯ ಒಲೆ ಹೊತ್ತುತ್ತಿತ್ತು. ಸುತ್ತಿಗೆ ಒಮ್ಮೆ ತಪ್ಪಿದರೆ ಉಳಿ ಹಿಡಿದವಳ ಮುಂಗೈ ಹೋಗುತ್ತದೆ. ಆರು ವರ್ಷದಲ್ಲಿ ಆಕೆ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ನಾನು ಹೊಡೆಯುವಾಗ ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು.

ಎಲ್ಲರ ಗುರುತಿಗೂ ಬೇರೆ ಬೇರೆ ಬಣ್ಣ. ನಮ್ಮಿಬ್ಬರದು ಮಾತ್ರ ಒಂದೇ ಹಸಿರು. ನನ್ನದೊಂದು ಹಳೆಯ ಸೀರೆಯನ್ನು ಎರಡು ಹೋಳು ಮಾಡಿ, ಅರ್ಧ ಆಕೆ ಅರ್ಧ ನಾನು ಇಟ್ಟುಕೊಂಡು, ಬೇಕಾದಾಗ ಚೂರು ಹರಿದು ಕಟ್ಟುತ್ತಿದ್ದೆವು. ಒಬ್ಬಳು ತಡವಾದರೂ ಇನ್ನೊಬ್ಬಳು ಇಬ್ಬರ ಪರವಾಗಿ ರಾಶಿ ಹಿಡಿಯಬಹುದಲ್ಲ. ಗುಂಡಿಯಲ್ಲಿ ಎಲ್ಲರಿಗಿಂತ ವಯಸ್ಸಾದ ಆಯಿಗೆ ಇದು ಸರಿಬರಲಿಲ್ಲ.

“ಗಂಡ ಹೆಂಡ್ತಿಗೂ ಬ್ಯಾರೆ ಬ್ಯಾರೆ ತಾಟು ಇರ್ತಾವಬೇ. ನಿಮಗ್ಯಾಕ ಇಬ್ಬರಿಗೂ ಒಂದ ಅರಿವಿ?”

“ನಮ್ಮದು ಗಂಡ ಹೆಂಡ್ತಿಗಿಂತ ಗಟ್ಟಿ ಐತಿ ಆಯಿ” ಅಂದಿದ್ದೆ ನಾನು, ಎಲ್ಲರಿಗೂ ಕೇಳಿಸುವಂತೆ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಕಿಟ್ಟದ ರೀತಿಯೇ ಬದಲಾಯಿತು. ಕಾರ್ಖಾನೆಯವರು ದೊಡ್ಡ ಪಾತ್ರೆಗಳಲ್ಲಿ ಕಿಟ್ಟ ತೆಗೆಯಲು ಶುರುಮಾಡಿದ್ದರಿಂದ ಹೆಂಟೆಗಳು ರುಬ್ಬುವ ಕಲ್ಲಿನಷ್ಟು ದೊಡ್ಡದಾಗಿ ಬರತೊಡಗಿದವು. ಒಂದನ್ನು ಸೀಳಲು ಅರ್ಧ ದಿನ. ಎರಡು ಉಳಿಯ ತುದಿ ಮುರಿದವು, ಸುತ್ತಿಗೆಯ ಹಿಡಿ ಒಂದು ಹೋಯಿತು. ಒಡೆದರೂ ಒಳಗೆ ಕಬ್ಬಿಣ ಕಡಿಮೆ. ಮೊದಲು ವಾರಕ್ಕೆ ಎರಡು ಸಲ ಗುಜರಿ ಅಂಗಡಿಗೆ ಚೀಲ ಒಯ್ಯುತ್ತಿದ್ದ ನಾವು ಒಂದು ಸಲಕ್ಕೆ ಇಳಿದೆವು. ಅದೇ ಹೊತ್ತಿಗೆ ಅಕ್ಕನಿಗೆ ಹೊಸದೊಂದು ಹಟ ಬಂತು. ಗುಂಡಿಯ ತೆಂಕಣ ಮೂಲೆಯಲ್ಲಿ ಒಬ್ಬ ಟಿಪ್ಪರ್ ಡ್ರೈವರ್ ಸುರಿಯುವ ರಾಶಿಯೇ ಬೇಕು ಅನ್ನುವಳು. ನಾನು ಹೋಗಿ ಮ್ಯಾಗ್ನೆಟ್ ಹಿಡಿದು ನೋಡಿದರೆ ಬರೀ ಜಾರಿಕೆ.

“ಅದರಾಗ ಏನೈತಿ ಯಕ್ಕಾ? ಬರೇ ಬೂದಿ.”

“ಇರ್ಲಿ ಬಿಡು. ಅಲ್ಲಿ ನೆರಳೈತಿ. ನೀ ಇಲ್ಲಿ ಒಡಿ, ನಾ ಅಲ್ಲಿ ಆರಿಸ್ತೀನಿ.”

ಮೂಲೆಯಲ್ಲಿ ಒಂದು ಜಾಲಿ ಮರವಿತ್ತು, ನೆರಳಿದ್ದದ್ದು ನಿಜ. ಆಕೆಗೆ ಬಿಸಿಲು ಸಹಿಸುತ್ತಿಲ್ಲ, ವಯಸ್ಸಾಯಿತು ಅಂದುಕೊಂಡು ನಾನು ಸುಮ್ಮನಾದೆ. ಒಬ್ಬಳೇ ಸಣ್ಣ ಹೆಂಟೆ ಕುಟ್ಟಿದೆ. ನನ್ನ ದಡ್ಡತನಕ್ಕೆ ಒಂದು ಮಿತಿ ಇರಲಿಲ್ಲ.

ಒಂದು ಬುಧವಾರ ಬೆಳಿಗ್ಗೆ, ನಾವಿನ್ನೂ ಬುತ್ತಿ ಗಂಟುಗಳನ್ನು ನೆರಳಿಗೆ ಇಡುವಷ್ಟರಲ್ಲಿ, ಕಾರ್ಖಾನೆಯ ಸೆಕ್ಯೂರಿಟಿ ಸಾಹೇಬ ಇಬ್ಬರು ವಾಚ್‌ಮನ್‌ಗಳ ಜೊತೆ ಗುಂಡಿಗೆ ಇಳಿದ. ಯಾರನ್ನೂ ಕೇಳದೆ ನೇರ ತೆಂಕಣ ಮೂಲೆಗೆ ನಡೆದ. ವಾಚ್‌ಮನ್‌ಗಳು ಸಲಿಕೆಯಿಂದ ರಾಶಿ ಕೆದಕಿದರು. ಮೊಣಕಾಲಿನಷ್ಟು ಆಳದಲ್ಲಿ ಸುಟ್ಟು ಕಪ್ಪಾದ ತಗಡಿನ ಡಬ್ಬಿ ಸಿಕ್ಕಿತು. ಅದರೊಳಗೆ ತಾಮ್ರ. ಕುಲುಮೆಯ ಸುತ್ತ ನೀರು ಹರಿಸಲು ಹಾಕಿರುವ ದಪ್ಪ ಕೊಳವೆಯನ್ನು ಗೇಣುದ್ದದ ತುಂಡು ಮಾಡಿ ಜೋಡಿಸಿಟ್ಟಿದ್ದರು. ಕಿಟ್ಟದ ಜೊತೆ ತಾಮ್ರ ಬರುವುದಿಲ್ಲ. ಒಳಗಿನವರು ಯಾರೋ ಕಳವು ಮಾಡಿ ಟಿಪ್ಪರಿಗೆ ಹಾಕಿದ್ದರು, ಹೊರಗಿನವರು ಯಾರೋ ತೆಗೆದುಕೊಳ್ಳಬೇಕಿತ್ತು. ರಾಶಿಯ ಮೇಲಿನ ಕಲ್ಲಿಗೆ ಕಟ್ಟಿದ್ದದ್ದು ಹಸಿರು ಬಟ್ಟೆ.

“ಯಾರದಿದು ಅರಿವಿ?” ಅಂದ ಸಾಹೇಬ.

ಎಲ್ಲರೂ ನನ್ನ ಕಡೆ ನೋಡಿದರು, ಆಮೇಲೆ ಅಕ್ಕನ ಕಡೆ. ನಾನೂ ಅಕ್ಕನ ಕಡೆಯೇ ನೋಡಿದೆ. ಹಿಂದಿನ ದಿನ ನಾನು ಆ ಮೂಲೆಗೆ ಕಾಲೇ ಇಟ್ಟಿರಲಿಲ್ಲ. ಆಕೆ ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ, ಝಾಡಿಸಿ, ಮತ್ತೆ ಕಟ್ಟಿಕೊಂಡಳು.

“ನಾ ನಿನ್ನಿ ಲಗೂನ ಮನಿಗೆ ಹೋಗಿದ್ದೆರಿ ಸಾಹೇಬ್ರ” ಅಂದಳು.

ಅಷ್ಟೇ ಮಾತು. ನನ್ನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಉಳಿಯಲಿಲ್ಲ. ನನ್ನ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ ಎಂದು ನನ್ನ ಗಂಡ ಊರಿಗೆಲ್ಲ ಹೇಳಿಕೊಂಡು ತಿರುಗಿದವನು. ಅವತ್ತು ಆ ಬಾಯಿಗೆ ಅಕ್ಕನ ಹೆಸರು ಬರಲಿಲ್ಲ. ವಾಚ್‌ಮನ್ ನನ್ನ ಸುತ್ತಿಗೆ, ಉಳಿ, ಮ್ಯಾಗ್ನೆಟ್ ಮೂರನ್ನೂ ಚೀಲಕ್ಕೆ ಹಾಕಿಕೊಂಡ. ಸೋಮವಾರದೊಳಗೆ ನಿಜ ಹೇಳಬೇಕು, ಯಾವ ಡ್ರೈವರ್ ಅಂತ ಹೇಳಬೇಕು, ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ಹೊಡೆದು ಪೊಲೀಸರಿಗೆ ಕೊಡುತ್ತೇನೆ ಎಂದು ಸಾಹೇಬ ಹೇಳಿದ. ನಾನು ಬುತ್ತಿ ಗಂಟು ಎತ್ತಿಕೊಂಡು ಹತ್ತಿ ಬಂದೆ.

ಮರುದಿನ ಗುಜರಿ ಅಂಗಡಿಗೆ ಹೋದೆ. ಮೊದಲಿನಿಂದಲೂ ನಮ್ಮ ಚೀಲ ತೂಗಿದವನು ಅಂಗಡಿಯ ಚಾಚಾ. ಅವನು ನನ್ನನ್ನು ಕಂಡವನೇ ಹುಡುಕುವವನಂತೆ ನನ್ನ ಹಿಂದೆ ನೋಡಿದ, ಅಕ್ಕ ಬಂದಿಲ್ಲವೇ ಎಂದು. ತಾಮ್ರದ ಮಾತು ತೆಗೆದೆ. ತಕ್ಕಡಿಯ ಕಲ್ಲುಗಳನ್ನು ಒಂದೊಂದಾಗಿ ಕೆಳಗಿಟ್ಟು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದ.

“ಮೂರು ಸಲ ತಾಂಬಾ ತಂದಾಳ ಬೇಟಿ. ನಿನಗ ಗೊತ್ತೈತಿ ಅಂತ ತಿಳಕೊಂಡಿದ್ದೆ. ಪ್ರತಿ ಸಲ ಅರ್ಧಾ ರೊಕ್ಕ ಎಣಿಸಿ ಬ್ಯಾರೆ ಕಟ್ಟಿಸಿಕೊಂಡಾಳ. ಇದು ನಮ್ಮ ತಂಗಿ ಪಾಲು ಅಂದಾಳ.”

“ಇದನ್ನ ಸಾಹೇಬನ ಮುಂದ ಬಂದು ಹೇಳ್ತೀರೇನು ಚಾಚಾ?”

“ಹೇಳಿದ್ರ ನಾನೂ ಒಳಗ ಹೋಗ್ತೀನಿ. ಕಳವಿನ ಮಾಲು ತಗೊಂಡವ ನಾನ ಅಲ್ಲೇನು?” ಅಂದ. ಅವನು ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ಅವನ ಮೇಲೆ ನನಗೆ ಸಿಟ್ಟಿಲ್ಲ.

ಆಕೆ ನನ್ನ ಹೆಸರಿನಲ್ಲಿ ಪಾಲು ಕಟ್ಟಿಸಿಕೊಂಡದ್ದು ಕೇಳಿ ನನಗೆ ತಡೆಯಲಾರದ ಸಿಟ್ಟು ಬಂತು. ದುಡ್ಡು ಹೋದದ್ದಕ್ಕಲ್ಲ. ಕಳ್ಳಿಯರು ಇಬ್ಬರು ಎಂದು ಆಕೆ ಮೊದಲ ದಿನವೇ ಬೇರೊಬ್ಬರ ಮುಂದೆ ಹೇಳಿಟ್ಟಿದ್ದಳು. ನೇರ ಆಕೆಯ ಮನೆಗೆ ನಡೆದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಎದ್ದು, ಬಾಗಿಲು ಮುಂದೆ ಮಾಡಿ, ಚಾಪೆ ಹಾಸಿದಳು. ನಾನು ಕೂರಲಿಲ್ಲ. ಆಕೆ ಸುಳ್ಳೂ ಹೇಳಲಿಲ್ಲ. ಟಿಪ್ಪರ್ ಡ್ರೈವರ್ ಕೇಳಿದ್ದ, ತಾನು ಒಪ್ಪಿದ್ದೆ, ಎಲ್ಲಿ ಸುರಿದಿದ್ದಾನೆ ಎಂದು ಅವನು ಹೇಳಿದ ಕೂಡಲೇ ತಾನು ಬಟ್ಟೆ ಕಟ್ಟಿ ಬರುತ್ತಿದ್ದೆ, ನಮ್ಮ ಗುಂಡಿಯಲ್ಲಿ ಗುರುತು ಇದ್ದ ರಾಶಿಯನ್ನು ಯಾರೂ ಮುಟ್ಟುವುದಿಲ್ಲವಲ್ಲ, ಎಂದು ಎಲ್ಲವನ್ನೂ ಒಪ್ಪಿಕೊಂಡಳು. ನಾವೆಲ್ಲ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾತನ್ನೇ ಕಳವಿನ ಪೆಟ್ಟಿಗೆ ಮಾಡಿಕೊಂಡಿದ್ದಳು.

“ಮತ್ತ ನಿನ್ನಿ ಯಾಕ ಸುಮ್ಮನ ನಿಂತಿ?” ಅಂದೆ.

“ನನ್ನ ಮಗ ಅಲ್ಲೇ ಒಳಗ ಕುಲುಮಿ ಮುಂದ ದುಡಿತಾನ. ನನ್ನ ಹೆಸರು ಬಂದ್ರ ಅವನ್ನ ಅದ ದಿನ ಹೊರಗ ಹಾಕ್ತಾರ. ಅವ ಬ್ಯಾರೆ ಕಡೆ ಕೆಲಸಕ್ಕ ಕೇಳ್ಯಾನ, ನಾಕು ದಿನ ತಡಿ. ಸೋಮವಾರದ ಒಳಗ ನಾನ ಹೋಗಿ ಹೇಳ್ತೀನಿ, ಅರಿವಿ ನಂದು ಅಂತ. ಅಲ್ಲೀತನಕ ಬಾಯಿ ಬಿಡಬ್ಯಾಡ. ನನ್ನ ಮ್ಯಾಲ ಇಷ್ಟೂ ನಂಬಿಕಿ ಇಲ್ಲೇನು ನಿನಗ?”

ಕೈಗೆ ಹಿಟ್ಟು ಮೆತ್ತಿಕೊಂಡೇ ನನ್ನ ಗಲ್ಲ ಹಿಡಿದಳು. ನಾನು ಕರಗಿದೆ. ಮನೆಗೆ ಬಂದು ಗಂಡನಿಗೆ ಹೇಳಿದರೆ, “ಈಗಿಂದೀಗ ಹೋಗಿ ಸಾಹೇಬಗ ಹೇಳಿಬಿಡು. ನಾಳಿಗೆ ಬಿಡಬ್ಯಾಡ” ಅಂದ. ಆಕೆ ಪಟ್ಟಿಯಲ್ಲಿ ಹೆಸರು ಬರೆಸದಿದ್ದರೆ ನೀನೂ ಮಕ್ಕಳೂ ಏನು ತಿನ್ನುತ್ತಿದ್ದಿರಿ ಎಂದು ನಾನು ಅವನ ಮೇಲೆಯೇ ಹಾರಿದೆ. ಅವನು ಗೋಡೆ ಕಡೆ ಹೊರಳಿದ. ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ಕೈ ಕಟ್ಟಿಕೊಂಡು ಮನೆಯಲ್ಲಿ ಕೂತೆ. ಶನಿವಾರ ಒಮ್ಮೆ, ಭಾನುವಾರ ಒಮ್ಮೆ ಅಕ್ಕ ನನ್ನ ಮನೆಬಾಗಿಲ ಮುಂದೆ ಹಾದುಹೋದಳು. ಎರಡು ಸಲವೂ ಕಣ್ಣಲ್ಲೇ ಸಮಾಧಾನ ಹೇಳಿ ಹೋದಳು.

ಸೋಮವಾರ ಗೇಟಿಗೆ ಹೋದೆ. ಸಾಹೇಬ ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟ.

“ಓದಾಕ ಬರ್ತೈತಿ ಹೌದಿಲ್ಲೋ? ಓದು. ನಿನ್ನ ಜೋಡಿ ಶುಕ್ರವಾರನ ಬಂದು ಬರಸಿ ಕೊಟ್ಟಾಳ.”

ಬರಹ ಗುಮಾಸ್ತನದು. ಹಸಿರು ಬಟ್ಟೆ ನನ್ನದು, ಆ ಮೂಲೆಯ ರಾಶಿ ನಾನು ಹಿಡಿದದ್ದು, ತಾಮ್ರದ ವಿಚಾರ ಅಕ್ಕನಿಗೆ ತಿಳಿಯದು ಎಂದಿತ್ತು. ಕೆಳಗೆ ಅಕ್ಕನ ಸಹಿ. ಎರಡು ವರ್ಷದ ಹಿಂದೆ ಸಂಘದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಲು ನಾಚಿಕೆ ಅಂದದ್ದಕ್ಕೆ, ಮಧ್ಯಾಹ್ನ ಊಟವಾದ ಮೇಲೆ ಕಿಟ್ಟದ ಪುಡಿಯ ಮೇಲೆ ಬೆರಳು ಹಿಡಿದು ತಿದ್ದಿಸಿ ಆಕೆಗೆ ಹೆಸರು ಬರೆಯಲು ಕಲಿಸಿದವಳು ನಾನು. ತವರೂರು ಸಿದ್ದಾಪುರದ ಶಾಲೆಯಲ್ಲಿ ಹತ್ತನೆಯವರೆಗೆ ಕಲಿತದ್ದು ಅದೊಂದಕ್ಕೆ ಉಪಯೋಗಕ್ಕೆ ಬಂದಿತ್ತು. ಕೊನೆಯ ಅಕ್ಷರದ ಒತ್ತನ್ನು ಆಕೆ ಯಾವಾಗಲೂ ಮರೆಯುತ್ತಿದ್ದಳು. ಆ ಹಾಳೆಯಲ್ಲಿ ಮರೆತಿರಲಿಲ್ಲ, ಬಹಳ ಜೋಪಾನವಾಗಿ ಬರೆದಿದ್ದಳು. ನನ್ನ ಮನೆಬಾಗಿಲ ಮುಂದೆ ಹಾದುಹೋಗುತ್ತ ಕಣ್ಣಲ್ಲಿ ಸಮಾಧಾನ ಹೇಳಿದಾಗ ಆಕೆಯ ಸಹಿ ಈ ಖಾನೆಯೊಳಗೆ ಇತ್ತು.

ಆಗ ನನ್ನ ಬಾಯಿ ಬಿಚ್ಚಿತು. ಡ್ರೈವರ್, ಜಾಲಿಯ ನೆರಳು, ಮೂರು ಸಲದ ತಾಮ್ರ, ಎಲ್ಲವನ್ನೂ ಕೂಗಿ ಹೇಳಿದೆ. ಅಕ್ಕನ ಮಗನ ಕೆಲಸ ನೆನಪಿಗೆ ಬಂತು, ಬಂದರೂ ನಿಲ್ಲಿಸಲಿಲ್ಲ. ಸಾಹೇಬ ಪೂರ್ತಿ ಕೇಳಿದ. ಆಮೇಲೆ ಒಂದೇ ಪ್ರಶ್ನೆ: “ಸಾಕ್ಷಿ ಯಾರದಾರ?” ಅಂಗಡಿಯ ಚಾಚಾನ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಗುಂಡಿಯ ಹೆಂಗಸರು ನೋಡಿದ್ದಾರೆ, ಅವರನ್ನು ಕೇಳಿ ಅಂದೆ. “ನಡಿ, ಕೇಳೂಣು” ಎಂದು ಅವನು ಎದ್ದ.

ಗುಂಡಿಯಲ್ಲಿ ಎಲ್ಲರೂ ಸುತ್ತಿಗೆ ಕೆಳಗಿಟ್ಟು ನಿಂತರು. ನಾನು ಒಬ್ಬೊಬ್ಬರ ಮುಖ ನೋಡುತ್ತ ಕೇಳಿದೆ.

“ಮಂಗಳವಾರ ಆ ಮೂಲಿಯಾಗ ಅರಿವಿ ಕಟ್ಟಿದವರು ಯಾರಬೇ? ನೀವು ನೋಡಿಲ್ಲೇನು? ಖರೇ ಹೇಳ್ರಿ.”

ನೋಡಿದ್ದರು. ಜಾಲಿ ಮರದ ಹತ್ತಿರವೇ ಇಬ್ಬರು ಪುಡಿ ಎಳೆಯುತ್ತ ಕೂತಿದ್ದರು, ಅದು ನನಗೆ ಗೊತ್ತು. ಆಯಿ ನೆಲ ನೋಡಿದಳು. ಇಬ್ಬರಲ್ಲಿ ಒಬ್ಬಳು ಮ್ಯಾಗ್ನೆಟ್ಟಿನ ಹಗ್ಗ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಳು. ಅವರಿಗೂ ಪಟ್ಟಿಯಲ್ಲಿ ಒಂದೊಂದು ಸಾಲು ಇತ್ತು. ಅಷ್ಟಾಗಿಯೂ ಒಂದು ದನಿ ಬಂದೀತು ಎಂದು ನಾನು ಕಾದೆ.

ದನಿ ಬಂತು, ಅಕ್ಕನದು. ಆಕೆ ಮುಂದೆ ಬಂದು ಸಾಹೇಬನಿಗೆ ಕೈ ಮುಗಿದಳು. ಕಣ್ಣಲ್ಲಿ ನಿಜವಾದ ನೀರು.

“ಏನೋ ತಪ್ಪು ಮಾಡ್ಯಾಳ, ಬಿಟ್ಟುಬಿಡ್ರಿ ಸಾಹೇಬ್ರ. ಮನ್ಯಾಗ ಗಂಡ ಬಿದ್ದಾನ, ಮಕ್ಕಳದಾವ. ಇದೊಂದು ಸಲ ನನ್ನ ಮುಖ ನೋಡಿ ಕ್ಷಮಾ ಮಾಡ್ರಿ. ಇನ್ನ ಮ್ಯಾಲ ಆಕಿ ಜವಾಬ್ದಾರಿ ನಂದು.”

ಹೆಂಗಸರೆಲ್ಲ ಆಕೆಯ ಹಿಂದೆ ಮುಂದೆ ಬಂದರು. ಹೌದ್ರಿ ಸಾಹೇಬ್ರ, ಬಿಡ್ರಿ, ಅಂದರು. ಈಗ ಎಲ್ಲರಿಗೂ ಬಾಯಿ ಬಂದಿತ್ತು. ಸಾಹೇಬನಿಗೂ ಪೊಲೀಸು, ಕೇಸು ಎಂದು ಅಲೆಯುವ ಮನಸ್ಸಿದ್ದಂತೆ ಕಾಣಲಿಲ್ಲ. ತಾಮ್ರ ವಾಪಸು ಸಿಕ್ಕಿದೆ, ಇನ್ನೊಮ್ಮೆ ಇಂಥ ತಪ್ಪು ಮಾಡುವುದಿಲ್ಲ ಎಂದು ಎರಡು ಸಾಲು ಬರೆದು ಸಹಿ ಹಾಕು, ನಾಳೆಯಿಂದ ಕೆಲಸಕ್ಕೆ ಬಾ ಅಂದ. ವಾಚ್‌ಮನ್ ಹಾಳೆಯನ್ನೂ ಪೆನ್ನನ್ನೂ ಹಿಡಿದು ನಿಂತ. ಅಕ್ಕ ನನ್ನ ಪಕ್ಕಕ್ಕೆ ಬಂದು, ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು.

“ಹಾಕಬೇ. ಎಲ್ಲಾ ಸರಿ ಹೋಗ್ತೈತಿ. ನಾ ಇಲ್ಲೇನು?”

ನನ್ನ ಒಲೆ, ನನ್ನ ಸುತ್ತಿಗೆ, ಪಟ್ಟಿಯ ಏಳನೆಯ ಸಾಲು, ಎಲ್ಲ ಆ ಪೆನ್ನಿನ ತುದಿಯಲ್ಲಿತ್ತು. ಪೆನ್ನು ಕೈಗೆ ತೆಗೆದುಕೊಂಡೆ ಕೂಡ. ಬರೆಯಲು ಬಗ್ಗಿದಾಗ ಬೆನ್ನ ಮೇಲಿನ ಆ ಕೈ ಇನ್ನೂ ಸವರುತ್ತಿತ್ತು. ಆಕೆ ಸಿಟ್ಟಿನಿಂದ ನನಗೆ ಇದನ್ನು ಮಾಡಿದ್ದರೆ ಎಂದಾದರೂ ಮರೆಯುತ್ತಿದ್ದೆ. ಇವಳು ನನ್ನವಳು, ಎಷ್ಟಾದರೂ ಸಹಿಸುತ್ತಾಳೆ ಎಂಬ ಭರವಸೆಯ ಮೇಲೆ ಮಾಡಿದ್ದಳು. ಆರು ವರ್ಷದ ಪ್ರೀತಿಯನ್ನು ನಂಬಿಯೇ ನನ್ನನ್ನು ಮಾರಿದ್ದಳು.

“ನಾ ಕದ್ದಿಲ್ಲರಿ ಸಾಹೇಬ್ರ” ಅಂದೆ. “ಕದೀಲಾರದ್ದಕ್ಕ ಕ್ಷಮಾ ಹೆಂಗ ತಗೊಳ್ಲಿ?”

ಪೆನ್ನನ್ನು ವಾಚ್‌ಮನ್ ಕೈಗೆ ವಾಪಸು ಕೊಟ್ಟೆ. ಬೆನ್ನ ಮೇಲಿನ ಕೈಯನ್ನು ತೆಗೆದು ಹಾಕಿದೆ. “ಸೊಕ್ಕು ನೋಡು” ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು. ನನ್ನ ಸಾಮಾನು ಕೊಡಿ ಎಂದು ಗೇಟಿನಲ್ಲಿ ಹಟ ಹಿಡಿದು, ಮಧ್ಯಾಹ್ನದವರೆಗೆ ಕೂತು, ಇಸಿದುಕೊಂಡೇ ಬಂದೆ. ದಾರಿಯುದ್ದಕ್ಕೂ ಅತ್ತೆ. ಕೆಲಸ ಹೋದದ್ದಕ್ಕೆ ಅತ್ತೆ, ಆಕೆ ಹೋದದ್ದಕ್ಕೆ ಅದಕ್ಕಿಂತ ಹೆಚ್ಚು ಅತ್ತೆ.

ಈಗ ಮನೆ ಮನೆಗೆ ತಿರುಗಿ ಹಳೆ ಕಬ್ಬಿಣ ಕೊಳ್ಳುತ್ತೇನೆ. ಕೊಪ್ಪಳದಲ್ಲಿ ಆ ಮುಖಗಳನ್ನು ದಿನಾ ನೋಡಲಾಗದೆ ಗಂಡನನ್ನೂ ಮಕ್ಕಳನ್ನೂ ಕರೆದುಕೊಂಡು ಬಸ್ ಹತ್ತಿ ಗಂಗಾವತಿ ಕಡೆ ಬಂದೆ. ಅಕ್ಕಿ ಗಿರಣಿಗಳ ಹಿಂದಿನ ಓಣಿಗಳು, ನನ್ನ ತವರು ಸಿದ್ದಾಪುರ, ನವಲಿಯವರೆಗಿನ ಹಳ್ಳಿಗಳು ನನ್ನ ದಾರಿ. ಸವೆದ ಕುಂಟೆಯ ಕುಡ, ತೂತು ಬಿದ್ದ ಬಕೆಟ್ಟು, ಸೈಕಲ್ಲಿನ ಚೌಕಟ್ಟು ಸಿಗುತ್ತವೆ. ಗಳಿಕೆ ಕಿಟ್ಟದಷ್ಟಿಲ್ಲ. ಚೌಕಾಶಿ ಮಾಡಿ ಮಾಡಿ ಗಂಟಲು ಮಾತ್ರ ಹೋಗುತ್ತದೆ. ಸಂಜೆಗೆ ಚೀಲ ತುಂಬಿದರೆ ಪುಣ್ಯ.

ಮೊನ್ನೆ ಗಂಗಾವತಿಯ ಬಸ್ ನಿಲ್ದಾಣದ ಹೊರಗೆ ಗುಂಡಿಯ ಹೆಂಗಸೊಬ್ಬಳು ಸಿಕ್ಕಳು. ಅವತ್ತು ಮ್ಯಾಗ್ನೆಟ್ಟಿನ ಹಗ್ಗ ಸುತ್ತುತ್ತ ನಿಂತಿದ್ದಳಲ್ಲ, ಅವಳೇ. ನನ್ನ ಕೈ ಹಿಡಿದು ಮಕ್ಕಳ ಸುದ್ದಿ ಕೇಳಿದಳು. ಅಕ್ಕ ಈಗ ಗುಂಡಿಯ ಮೇಸ್ತ್ರಿಯಾಗಿದ್ದಾಳೆ, ರಾಶಿಗಳನ್ನು ಹಂಚುವುದು ಅವಳೇ ಎಂದು ಹೇಳಿದಳು.

“ನೀ ಅವತ್ತು ಸಹಿ ಹಾಕಿಬಿಟ್ಟಿದ್ರ ಮುಗೀತಿತ್ತು ನೋಡು. ಹಾಕದ ಎದ್ದು ಹೋದಿ. ಅದಕ್ಕ ಎಲ್ಲಾರೂ ನೀನ ಕದ್ದೀ ಅಂತಾರ.”

“ಎಲ್ಲಾರೂ ಅನ್ಲಿ. ನೀ ಏನಂತೀ?” ಅಂದೆ.

ಅವಳು ನನ್ನ ಕೈ ಬಿಟ್ಟಳು. ಸೆರಗು ಸರಿಮಾಡಿಕೊಂಡು, “ಬಸ್ ಬಂತು, ಹೋಗ್ತೀನಬೇ” ಎಂದು ಹೊರಟಳು. ನಾನು ತಿರುಗಿ ನೋಡಿದೆ. ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ಯಾವ ಬಸ್ಸೂ ಇರಲಿಲ್ಲ.